ಬೆಂಕಿ ಆರಿತು, ದಾರಿ ಮುಚ್ಚಿತು

ಅಕ್ಕಂದಿರೆ, ಗುಡ್ಡದ ಕಾಲುದಾರಿ ನಿಮಗೆಲ್ಲ ಗೊತ್ತು. ದನ ಮೇಯಿಸಲು ಆ ದಾರಿ ಬೇಕು. ಹುಲ್ಲು ತರಲು ಬೇಕು. ದೇವರ ಗುಡಿಗೆ ಹೋಗಲೂ ಬೇಕು. ಅದನ್ನು ಯಾವ ಇಂಜಿನಿಯರೂ ಮಾಡಲಿಲ್ಲ. ನಮ್ಮ ಹಿರಿಯರು ನಡೆದರು, ದಾರಿಯಾಯಿತು. ನಡೆಯುವುದು ನಿಂತರೆ ದಾರಿ ಮುಚ್ಚುತ್ತದೆ. ಕಾಡಿಗೆ ಬೆಂಕಿ ಬಿದ್ದರೂ ದಾರಿ ಮುಚ್ಚುತ್ತದೆ. ಹೇಗೆ? ಮುಚ್ಚಿದ ದಾರಿಯನ್ನು ಮತ್ತೆ ಬಿಡಿಸುವುದು ಹೇಗೆ? ಈ ಪಾಠದಲ್ಲಿ ತಿಳಿಯೋಣ.

ಬಂಡೀಪುರದ ಬೆಂಕಿ

ನಮ್ಮ ರಾಜ್ಯದ ದಕ್ಷಿಣ ತುದಿಯಲ್ಲಿ ಬಂಡೀಪುರ ಎಂಬ ದೊಡ್ಡ ಕಾಡು ಇದೆ. ಅಲ್ಲಿ ಹುಲಿ, ಆನೆ, ಜಿಂಕೆ ಇವೆ. 2019ರ ಫೆಬ್ರವರಿಯಲ್ಲಿ ಆ ಕಾಡಿಗೆ ಬೆಂಕಿ ಬಿತ್ತು. ಸಾವಿರಾರು ಎಕರೆ ಸುಟ್ಟು ಹೋಯಿತು. ಅರಣ್ಯ ಇಲಾಖೆಯವರು ಹಗಲು ರಾತ್ರಿ ದುಡಿದರು. ಊರೂರಿನಿಂದ ಸ್ವಯಂಸೇವಕರು ಬಂದರು. ಸಂಬಳ ಇಲ್ಲದೆ ತಾವಾಗಿ ಸೇವೆ ಮಾಡುವವರೇ ಸ್ವಯಂಸೇವಕರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಮೇಲಿನಿಂದ ನೀರು ಸುರಿದವು.

ಅದಕ್ಕೂ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕರು ಬೆಂಕಿಗೆ ಸಿಕ್ಕು ಪ್ರಾಣ ಬಿಟ್ಟರು. ಕಾಡಿನ ಬೆಂಕಿ ಎಂದರೆ ಗಿಡ ಸುಡುವುದಷ್ಟೇ ಅಲ್ಲ. ಒಂದು ಮನೆಯ ದೀಪವೂ ಆರಬಹುದು.

ದಾರಿ ಏಕೆ ಮುಚ್ಚುತ್ತದೆ?

ಬೆಂಕಿ ಆರಿದ ಮೇಲೆ ಕಾಡು ಬಯಲಾಗಿ ಕಾಣುತ್ತದೆ. "ಈಗ ದಾರಿ ಸಲೀಸು ಆತು" ಎಂದು ನಮಗೆ ಅನಿಸುತ್ತದೆ. ಆದರೆ ಆಗುವುದು ಬೇರೆ.

1. ಸುಟ್ಟ ಮರ ನಿಂತೇ ಇರುತ್ತದೆ. ಅದರ ಬೇರು ಸಡಿಲವಾಗುತ್ತದೆ. ಗಾಳಿ ಬಂದಾಗ ದಾರಿಗೆ ಅಡ್ಡ ಬೀಳುತ್ತದೆ.

2. ಹುಲ್ಲು, ತರಗೆಲೆ ಸುಟ್ಟು ಮಣ್ಣು ಬತ್ತಲಾಗುತ್ತದೆ. ಮಳೆ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗುತ್ತದೆ. ದಾರಿ ಇದ್ದಲ್ಲಿ ಕೊರಕಲು ಬೀಳುತ್ತದೆ.

3. ಮರದ ನೆರಳು ಹೋಗಿ ಬಿಸಿಲು ನೆಲಕ್ಕೆ ಬೀಳುತ್ತದೆ. ಆಗ ಮುಳ್ಳುಕಂಟಿ ಜೋರಾಗಿ ಬೆಳೆಯುತ್ತದೆ. ಲಂಟಾನ ಎಂಬ ಕಂಟಿ ಇದೆ. ಬಣ್ಣ ಬಣ್ಣದ ಚಿಕ್ಕ ಹೂವು, ಒರಟು ಎಲೆ. ಇದು ಹೊರದೇಶದಿಂದ ಬಂದ ಗಿಡ. ಮೇಲೆ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಬಂಡೀಪುರದ ಕಾಡಿನಲ್ಲಿ ಇದು ಬಹಳ ಹಬ್ಬಿದೆ. ಒಣಗಿದರೆ ಇದೇ ಮುಂದಿನ ಬೆಂಕಿಗೆ ಉರುವಲು.

ಬೆಂಕಿ ಆರುವುದಕ್ಕೆ ಕೆಲವು ದಿನ ಸಾಕು. ದಾರಿ ಮತ್ತೆ ಸರಿಹೋಗಲು ವರ್ಷಗಳೇ ಬೇಕು.

ಐದು ವರ್ಷ ಮುಚ್ಚಿದ ದಾರಿ

ಇದಕ್ಕೆ ದೂರದ ದೇಶದ ಒಂದು ಉದಾಹರಣೆ ನೋಡೋಣ. ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಮುದ್ರದ ದಂಡೆಗೆ ಬಿಗ್ ಸರ್ ಎಂಬ ಗುಡ್ಡಗಾಡು ಇದೆ. 2016ರ ಜುಲೈ 22ರಂದು ಆ ಭಾಗದಲ್ಲಿ ಬೆಂಕಿ ಹತ್ತಿತು. ಕಾರಣ ಏನು? ಯಾರೋ ಬೆಂಕಿ ಹಚ್ಚಬಾರದ ಜಾಗದಲ್ಲಿ ಹಚ್ಚಿ, ಆರಿಸದೆ ಹೋಗಿದ್ದರು. ಅಷ್ಟೇ. 1,32,000 ಎಕರೆಗಿಂತ ಹೆಚ್ಚು ಸುಟ್ಟಿತು. 57 ಮನೆಗಳು ಬೂದಿಯಾದವು. ಬೆಂಕಿ ಪೂರ್ತಿ ಹತೋಟಿಗೆ ಬರಲು ಅಕ್ಟೋಬರ್ ತಿಂಗಳು ಬೇಕಾಯಿತು.

ಅಲ್ಲಿ ಪೈನ್ ರಿಡ್ಜ್ ಎಂಬ ಹೆಸರಾದ ಕಾಲುದಾರಿ ಇತ್ತು. ಅದು ಮುಚ್ಚಿಹೋಯಿತು. ಮತ್ತೆ ತೆರೆದದ್ದು 2021ರಲ್ಲಿ. ಅದನ್ನು ಬಿಡಿಸಲು ವೆಂಟಾನಾ ಎಂಬ ಸಂಘದ ಸ್ವಯಂಸೇವಕರೂ ದುಡಿದರು. ಆ ಕಾಡಿನಲ್ಲಿ ಯಂತ್ರದ ಗರಗಸ ಬಳಸುವಂತಿಲ್ಲ. 1964ರ ಒಂದು ಕಾಯ್ದೆ ಅದನ್ನು ತಡೆಯುತ್ತದೆ. ಹಾಗಾಗಿ ಅಡ್ಡ ಬಿದ್ದ ಮರಗಳನ್ನು ಉದ್ದ ಗರಗಸದಿಂದ ಕೊಯ್ಯುತ್ತಾರೆ. ಆಚೆ ಒಬ್ಬರು, ಈಚೆ ಒಬ್ಬರು. ಒಬ್ಬರು ಎಳೆದಾಗ ಇನ್ನೊಬ್ಬರು ಬಿಡಬೇಕು.

ಕೆಲಸದ ಕ್ರಮ

ಮೊದಲು ತಲೆ ಎತ್ತಿ ನೋಡಬೇಕು. ಸುಟ್ಟ ಮರದ ಕೆಳಗೆ ನಿಲ್ಲಬಾರದು. ಆಮೇಲೆ ದಾರಿಯ ಎರಡೂ ಬದಿಯ ಕಂಟಿ ಕಡಿಯಬೇಕು. ಲಂಟಾನವನ್ನು ಬುಡಸಹಿತ ಕೀಳಬೇಕು. ಅಡ್ಡ ಬಿದ್ದ ಮರ ತೆಗೆಯಬೇಕು. ಕೊರಕಲಿಗೆ ಕಲ್ಲು, ಮಣ್ಣು ತುಂಬಬೇಕು. ಕೊನೆಗೆ ನೀರಿಗೆ ದಾರಿ ಮಾಡಬೇಕು. ಅಲ್ಲಲ್ಲಿ ಓರೆಯಾಗಿ ಕಲ್ಲು ಇಟ್ಟರೆ ನೀರು ಪಕ್ಕಕ್ಕೆ ಹರಿಯುತ್ತದೆ. ನೀರಿಗೆ ಬೇರೆ ದಾರಿ ಕೊಡದಿದ್ದರೆ ಅದು ನಮ್ಮ ದಾರಿಯನ್ನೇ ಹಿಡಿಯುತ್ತದೆ. ಹೊಲಕ್ಕೆ ಒಡ್ಡು ಹಾಕಿದವರಿಗೆ ಈ ಮಾತು ಹೊಸದಲ್ಲ.

ನಮಗೇನು?

ಈ ಪಾಠ ಮಾಡುವಾಗ ಒಬ್ಬ ಅಕ್ಕ ಕೇಳಿದರು:

"ಅಮೆರಿಕಾದ ದಾರಿ ತಗೊಂಡು ನಮಗೇನ ಆಗಬೇಕ್ರಿ ಅಕ್ಕೋರ?"

ಇನ್ನೊಬ್ಬರು ಹೇಳಿದರು:

"ಹಂಗಲ್ಲವಾ. ಗುಡ್ಡಕ್ಕ ಬೆಂಕಿ ಬಿದ್ರ ಆರಸಾಕ ಹೋಗೂದು ಯಾವ ದಾರೀಲೆ? ದಾರಿನ ಇಲ್ಲಂದ್ರ ನೋಡ್ಕೋತ ನಿಂದರಬೇಕು."

ಅವರ ಮಾತು ನಿಜ. ದಾರಿ ಇದ್ದರೆ ಬೆಂಕಿಯ ಹತ್ತಿರ ಬೇಗ ಹೋಗಬಹುದು. ಅಗಲವಾಗಿ ಸವರಿದ ದಾರಿಯಲ್ಲಿ ಸುಡಲು ಏನೂ ಇರುವುದಿಲ್ಲ. ಸಣ್ಣ ಬೆಂಕಿ ಅಲ್ಲಿಗೆ ನಿಲ್ಲಬಹುದು. ಅದಕ್ಕೇ ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲು ಕಾಡಿನಲ್ಲಿ ಬೆಂಕಿ ರೇಖೆ ಮಾಡುತ್ತಾರೆ. ಹುಲ್ಲು, ಕಂಟಿ ತೆಗೆದ ಉದ್ದನೆಯ ಪಟ್ಟಿಯೇ ಬೆಂಕಿ ರೇಖೆ.

"ಹುಲ್ಲು ಸುಟ್ಟರ ಮುಂದ ಚೊಲೊ ಚಿಗುರತೈತಿ" ಎಂದು ಕೆಲವರು ಗುಡ್ಡಕ್ಕೆ ಕಡ್ಡಿ ಗೀರುತ್ತಾರೆ. ಚಿಗುರು ಬರುತ್ತದೆ, ನಿಜ. ಆದರೆ ಗುಡ್ಡದ ಮಣ್ಣು ಹಳ್ಳಕ್ಕೆ ಹೋಗುತ್ತದೆ. ಎಳೆ ಸಸಿಗಳು ಸಾಯುತ್ತವೆ. ಹೋದ ಮಣ್ಣು ಮರಳಿ ಬರುವುದಿಲ್ಲ. ಕಾಡಿಗೆ ಬೆಂಕಿ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ.

ನೆನಪಿಡಿರಿ

* ಸೇದಿದ ಬೀಡಿ, ಉರಿದ ಕಡ್ಡಿಯನ್ನು ಒಣಹುಲ್ಲಿಗೆ ಎಸೆಯಬಾರದು.
* ಗುಡ್ಡದಲ್ಲಿ ಒಲೆ ಹೂಡಿದರೆ ನೀರು ಹಾಕಿ, ಬೂದಿ ತಣ್ಣಗಾದ ಮೇಲೆಯೇ ಹೊರಡಬೇಕು.
* ಹೊಗೆ ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು, ಇಲ್ಲವೆ 112ಕ್ಕೆ ಫೋನ್ ಮಾಡಬೇಕು.
* ಒಬ್ಬರೇ ಬೆಂಕಿಯ ಹತ್ತಿರ ಹೋಗಬಾರದು.
* ಅರಣ್ಯದಲ್ಲಿ ದಾರಿ ಸವರುವ ಮೊದಲು ಇಲಾಖೆಯ ಒಪ್ಪಿಗೆ ಪಡೆಯಬೇಕು.

ಅಭ್ಯಾಸ

1. ಓದಿ, ನೋಡಿ ಬರೆಯಿರಿ: ಕಾಲುದಾರಿ, ಕೊರಕಲು, ಗರಗಸ, ಸ್ವಯಂಸೇವಕರು, ಬೆಂಕಿ ರೇಖೆ.
2. ಬೆಂಕಿ ಆರಿದ ಮೇಲೆ ದಾರಿ ಮುಚ್ಚಲು ಎರಡು ಕಾರಣ ಬರೆಯಿರಿ.
3. ಲೆಕ್ಕ: ಪೈನ್ ರಿಡ್ಜ್ ದಾರಿ 2016ರಲ್ಲಿ ಮುಚ್ಚಿತು, 2021ರಲ್ಲಿ ತೆರೆಯಿತು. ಎಷ್ಟು ವರ್ಷವಾಯಿತು?
4. ಮಾತಾಡೋಣ: ನಿಮ್ಮ ಅತ್ತೆ, ಅಜ್ಜಿ ನಡೆದ ಯಾವ ದಾರಿ ಈಗ ಮುಚ್ಚಿದೆ? ಅದನ್ನು ಬಿಡಿಸಲು ಯಾರ ಯಾರ ಕೈ ಬೇಕು? ಅವರ ಹೆಸರು ಬರೆಯಿರಿ. ಮೊದಲು ನಿಮ್ಮ ಹೆಸರು ಬರೆಯಿರಿ.