ರಾಜಿ ಕಾಗದಕ್ಕೆ ಕಾಣದ ಹಿಂಸೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕೇಳಿಬರದ ರಾಜಿ ಪಂಚಾಯಿತಿ ಕನ್ನಡ ನಾಡಿನಲ್ಲಿ ಅಪರೂಪವೇ ಸರಿ. ಆದರೆ ಆ ಗಾದೆ ಹೇಳುವುದು ಹೆಚ್ಚುಕಡಿಮೆ ಸಮಬಲರಾದ ಇಬ್ಬರ ನಡುವೆ ಹುಟ್ಟಿ, ಇಬ್ಬರೂ ಬಾಯಿಬಿಟ್ಟು ಆಡಿ, ಇಬ್ಬರೂ ಮರೆಯಬಲ್ಲಂತಹ ಮನಸ್ತಾಪವನ್ನು ಕುರಿತು. ಒಬ್ಬರ ಸಿಟ್ಟನ್ನು ತಪ್ಪಿಸಲೆಂದೇ ಮತ್ತೊಬ್ಬರ ದಿನಚರಿ, ದುಡ್ಡು, ಬಂಧುಬಳಗ, ಕೊನೆಗೆ ನಿದ್ದೆಯೂ ಬದಲಾಗಬೇಕಾಗಿ ಬಂದಿರುವ ಸಂಬಂಧವನ್ನು ಜಗಳವೆಂದು ಕರೆಯುವುದು ಅಲ್ಲಿ ಬಲಹೀನರಾದವರಿಗೆ ಮಾಡುವ ಮೊದಲ ಅನ್ಯಾಯ. ಆ ಅನ್ಯಾಯವನ್ನು ಉಂಡ ಲೇಖಕಿಯೊಬ್ಬಳ ಬರಹ ಇದು. ಜಗಲಿಯ ಮೇಲೆ ಕುಳಿತು ನ್ಯಾಯ ಹೇಳುವ ಹಿರಿಯರೂ, ಅವರೆದುರು ನಿಲ್ಲಬೇಕಾಗಿ ಬರುವ ಹೆಣ್ಣುಮಕ್ಕಳೂ ಇದನ್ನು ಓದಲೆಂಬ ಆಸೆಯಿಂದ ಬರೆದದ್ದು.

2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ತನ್ನ 3ನೆಯ ಕಲಮಿನಲ್ಲಿ ದೌರ್ಜನ್ಯವನ್ನು ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಎಂದು ವಿಂಗಡಿಸಿ ವಿವರಿಸುತ್ತದೆ. ಮಕ್ಕಳಾಗಲಿಲ್ಲವೆಂದೋ ಗಂಡುಮಗು ಹುಟ್ಟಲಿಲ್ಲವೆಂದೋ ಹೀಯಾಳಿಸುವುದು, ಆಕೆಗೆ ಬೇಕಾದವರಿಗೆ ನೋವುಂಟುಮಾಡುವೆನೆಂದು ಮತ್ತೆ ಮತ್ತೆ ಬೆದರಿಸುವುದು ಮೂರನೆಯ ಬಗೆಗೆ ಸೇರಿದರೆ, ಆಕೆಗೆ ಹಕ್ಕಿರುವ ಹಣವನ್ನೂ, ಮದುವೆಯ ಸಂದರ್ಭದಲ್ಲಿ ಮತ್ತು ಅನಂತರ ಆಕೆಗೆಂದೇ ಬಂದ ಒಡವೆ ವಸ್ತುಗಳನ್ನು, ಅಂದರೆ ಸ್ತ್ರೀಧನವನ್ನೂ ಆಕೆಯ ಕೈಗೆ ಸಿಗದಂತೆ ಮಾಡುವುದು ನಾಲ್ಕನೆಯ ಬಗೆಗೆ ಸೇರುತ್ತದೆ. ಕಾಯ್ದೆಯು ಹೆಂಡತಿಗಷ್ಟೇ ಅಲ್ಲದೆ ಒಂದೇ ಸೂರಿನಡಿ ಬಾಳುವ ತಾಯಿ, ಅಕ್ಕತಂಗಿ, ವಿಧವೆ, ಮದುವೆಯಂತಹ ಸಂಬಂಧದಲ್ಲಿರುವ ಹೆಣ್ಣು, ಇವರಿಗೂ ಅನ್ವಯಿಸುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಐದನೆಯ ಸಮೀಕ್ಷೆಯಂತೆ ದೇಶದಾದ್ಯಂತ ದೈಹಿಕ ಅಥವಾ ಲೈಂಗಿಕ ಹಿಂಸೆಗೊಳಗಾದವರಲ್ಲಿ ಸುಮಾರು ಶೇ. 14ರಷ್ಟು ಮಂದಿ ಮಾತ್ರ ಯಾರ ಬಳಿಯಾದರೂ ನೆರವು ಕೇಳಿದ್ದರು, ಕೇಳಿದವರೂ ಹೆಚ್ಚಾಗಿ ಹೋದದ್ದು ತವರಿನವರ ಬಳಿಗೆ. ಹೀಗಾಗಿ ತವರಿನ ಜಗಲಿಯೇ ಈ ನಾಡಿನ ಮೊದಲ ನ್ಯಾಯಾಲಯ, ಅನೇಕರ ಪಾಲಿಗೆ ಕೊನೆಯದೂ ಹೌದು.

ಅಮೆರಿಕದ ಮನೋವಿಜ್ಞಾನಿ ಲೆನೋರ್ ವಾಕರ್ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಿಂಸೆಯ ಸುತ್ತನ್ನು ವಿವರಿಸಿದರು: ಮೊದಲು ಬಿಗುವು ಏರುತ್ತ ಹೋಗುವ ಕಾಲ, ಅನಂತರ ಸ್ಫೋಟ, ಆಮೇಲೆ ಕ್ಷಮೆ ಕೇಳಿ ಸೀರೆ ತಂದು ಓಲೈಸುವ ಕಾಲ, ಮತ್ತೆ ಬಿಗುವು. ಈ ವಿವರಣೆ ಎಷ್ಟೋ ಮನೆಗಳಿಗೆ ಒಪ್ಪುತ್ತದೆಯಾದರೂ ಸ್ಫೋಟವೇ ಅಪರೂಪವಾಗಿರುವ ಮನೆಗಳಿಗೆ ಹೊಂದುವುದಿಲ್ಲ. ಅಂತಹ ಮನೆಗಳನ್ನು ಅರ್ಥಮಾಡಿಕೊಳ್ಳಲು ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದ, ಕನ್ನಡದಲ್ಲಿ ದಬ್ಬಾಳಿಕೆಯ ಹಿಡಿತ ಎನ್ನಬಹುದಾದ ಪರಿಕಲ್ಪನೆ ಹೆಚ್ಚು ಸಹಾಯಕ. ಹೊಡೆತಗಳ ನಡುವಿನ ದಿನಗಳಲ್ಲಿ, ಅಂದರೆ ಏನೂ ನಡೆಯುತ್ತಿಲ್ಲವೆಂದು ಹೊರಗಿನವರು ತಿಳಿಯುವ ದಿನಗಳಲ್ಲಿ, ಯಾರ ಅಪ್ಪಣೆಯ ಮೇಲೆ ಯಾರ ಬದುಕು ಸಾಗುತ್ತಿದೆ ಎಂಬುದನ್ನು ನೋಡಬೇಕೆಂಬುದು ಅದರ ತಿರುಳು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಇಂತಹ ಹಿಡಿತವನ್ನೇ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿದೆ.

ಲೇಖಕಿ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಆಕೆಯ ಸಂಬಳದ ಖಾತೆಯ ಎಟಿಎಂ ಕಾರ್ಡು ಮದುವೆಯಾದ ಹೊಸದರಲ್ಲೇ ಪತಿಯ ಪರ್ಸನ್ನು ಸೇರಿತು. ಬ್ಯಾಂಕಿನ ಸಂದೇಶಗಳು ಆತನ ಮೊಬೈಲಿಗೆ ಹೋಗುವಂತಾದವು. ಬಸ್ ಚಾರ್ಜಿಗೆಂದು ಬೆಳಿಗ್ಗೆ ಕೈಗೆ ಬೀಳುತ್ತಿದ್ದ ಹಣಕ್ಕೆ ಸಂಜೆ ಚೀಟಿ ಒಪ್ಪಿಸಬೇಕಾಗಿತ್ತು. ಶಾಲೆ ಬಿಟ್ಟ ಮೇಲೆ ಬಸ್ಸು ತಡವಾದರೆ ಸಹಶಿಕ್ಷಕರಿಗೆ ಕರೆ ಹೋಗುತ್ತಿತ್ತು, ಮತ್ತು ಆ ಕರೆಯ ಅವಮಾನದಿಂದಾಗಿ ಲೇಖಕಿಯೊಡನೆ ಬಸ್ ನಿಲ್ದಾಣದವರೆಗೆ ನಡೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಇವೆಲ್ಲವೂ ಕಾಳಜಿಯ ಹೆಸರಿನಲ್ಲಿ ನಡೆದದ್ದರಿಂದ ಹೊರಗಿನವರಿಗೆ ಕಾಳಜಿಯಾಗಿಯೇ ಕಂಡವು. ಕಾಳಜಿಗೂ ಹಿಡಿತಕ್ಕೂ ಇರುವ ಅಂತರ ತಿಳಿಯಲು ಒಂದು ನೇರವಾದ ದಾರಿಯಿದೆ: ಬೇಡವೆಂದರೆ ಏನಾಗುತ್ತದೆ ಎಂದು ನೋಡುವುದು. ಲೇಖಕಿ ಕಾರ್ಡನ್ನು ತನಗೆ ಕೊಡೆಂದು ಕೇಳಿದ ರಾತ್ರಿ ಅವಳನ್ನು ಮನೆಯ ಹೊರಗೆ ನಿಲ್ಲಿಸಿ ಬಾಗಿಲು ಹಾಕಲಾಯಿತು; ಬೆಳಗಿನ ಜಾವ ಬಾಗಿಲು ತೆರೆದಾಗ ಕಪಾಳಕ್ಕೆ ಬಿತ್ತು. ಆತ ಕೈಯೆತ್ತಿದ್ದು ಅದೊಂದೇ ಸಲ, ಮತ್ತೊಮ್ಮೆ ಎತ್ತಬೇಕಾದ ಅಗತ್ಯ ಆತನಿಗೆ ಬೀಳಲಿಲ್ಲ.

ಸಂಧಾನ ಏರ್ಪಟ್ಟದ್ದು ತವರಿನಲ್ಲಿ, ಅಡಿಕೆ ಕೊಯ್ಲು ಮುಗಿದ ಮೇಲಿನ ಒಂದು ಸಂಜೆ. ಲೇಖಕಿಗೆ ತಂದೆಯಿಲ್ಲದ ಕಾರಣ ಸೋದರಮಾವನೇ ಯಜಮಾನಿಕೆ ವಹಿಸಿದರು; ಊರಿನ ಸಹಕಾರ ಸಂಘದಲ್ಲಿ, ದೇವಸ್ಥಾನದ ಸಮಿತಿಯಲ್ಲಿ ಅವರ ಮಾತಿಗೆ ತೂಕವಿತ್ತು, ಅದು ಅವರಿಗೂ ಗೊತ್ತಿತ್ತು. ಜಗಲಿಯ ಮೇಲೆ ಗಂಡಸರು ಕುಳಿತರು, ಪತಿಗೆ ಕುರ್ಚಿ ಹಾಕಲಾಯಿತು, ಹರಿವಾಣದಲ್ಲಿ ಎಲೆಯಡಿಕೆ ಬಂತು, ಕಾಫಿ ಬಂತು; ಲೇಖಕಿಯನ್ನು ಒಳಗಿನಿಂದ ಕರೆದು ಕಂಬದ ಪಕ್ಕ ನಿಲ್ಲಿಸಿದರು. ಬಾಗಿಲ ಹಿಂದೆ ತಾಯಿ ಇದ್ದರು, ಅವರ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. "ಅಳಿಯಂದಿರೇ, ಮೊದಲು ನಿಮ್ಮ ಕಡೆಯದು ಹೇಳಿ" ಎಂದು ಮಾವ ಆರಂಭಿಸಿದಾಗಲೇ ಸಭೆಯ ದಿಕ್ಕು ಗೊತ್ತಾಗಿಹೋಗಿತ್ತು. ಆತ ಒಂದಿಷ್ಟೂ ದನಿಯೇರಿಸದೆ, ಮೊಬೈಲಿನಲ್ಲಿ ಬರೆದುಕೊಂಡಿದ್ದ ಪಟ್ಟಿಯೊಂದನ್ನು ಓದಿದ: ಯಾವ ದಿನ ಎಷ್ಟು ಹೊತ್ತು ಫೋನಿನಲ್ಲಿ ಮಾತು, ಯಾವ ದಿನ ಅಡುಗೆ ತಡ, ಯಾವ ದಿನ ಅತ್ತೆಗೆ ಎದುರುತ್ತರ. ಕೇಳಿದವರು ತಲೆದೂಗಿದರು, ಇಷ್ಟು ತಾಳ್ಮೆಯ ಮನುಷ್ಯನೆಂದು ಒಬ್ಬರು ಗಟ್ಟಿಯಾಗಿಯೇ ಹೇಳಿದರು.

ಲೇಖಕಿಯ ಸರದಿ ಬಂದಾಗ ಆಕೆ ಕಾರ್ಡಿನ ವಿಷಯ, ಚೀಟಿಯ ವಿಷಯ, ಶಾಲೆಗೆ ಬರುವ ಕರೆಗಳ ವಿಷಯ ಹೇಳುತ್ತ ಹೋದಳು. ಹೇಳಿದ ಒಂದೊಂದೂ ಬಾಯಿಂದ ಹೊರಬಿದ್ದೊಡನೆ ಸಣ್ಣದಾಗಿ ಕಂಡಿತು, ಯಾಕೆಂದರೆ ಒಂದೊಂದಕ್ಕೂ ಯಾರಾದರೊಬ್ಬರು ತಮ್ಮ ಮನೆಯ ಉದಾಹರಣೆ ಕೊಟ್ಟು ಸಮಾಧಾನ ಹೇಳುತ್ತಿದ್ದರು. ಕೊನೆಗೆ ಮಾವ ಅಸಹನೆಯಿಂದ ಕೈಯಡ್ಡ ಮಾಡಿ, "ಅದೆಲ್ಲ ಇರಲಿ ಮಾರಾಯ್ತಿ, ಎಷ್ಟು ಸಲ ಹೊಡೆದಿದ್ದಾರೆ, ಅದನ್ನು ಹೇಳು" ಎಂದರು. ಲೇಖಕಿ ನಿಜ ಹೇಳಿದಳು: ಒಂದು ಸಲ. ಆ ಉತ್ತರಕ್ಕೆ ಇಡೀ ಜಗಲಿ ಉಸಿರು ಬಿಟ್ಟದ್ದು ಕೇಳಿಸಿತು. ಯಾರೋ ನಕ್ಕರು, ಯಾರೋ ಕಾಫಿಯ ಲೋಟ ಕೆಳಗಿಟ್ಟು ಎಲೆಗೆ ಸುಣ್ಣ ಹಚ್ಚತೊಡಗಿದರು, ಸಭೆ ಅಲ್ಲಿಗೆ ಮುಗಿದಂತಾಯಿತು. ಹೊರಬಾಗಿಲಲ್ಲಿ ಕಳೆದ ರಾತ್ರಿಗಾಗಲಿ ಕಪಾಳಕ್ಕೆ ಬಿದ್ದ ಏಟಿಗಾಗಲಿ ಆಗದಷ್ಟು ನೋವು ಆ ಒಂದು ಗಳಿಗೆಯಲ್ಲಾಯಿತು, ಏಕೆಂದರೆ ಅಲ್ಲಿಯವರೆಗೆ ಆಕೆಗೆ ಹೋಗಲೊಂದು ಮನೆಯಿದೆ ಎಂಬ ಭಾವನೆ ಉಳಿದಿತ್ತು.

ಅನಂತರ ಬರೆಸಿದ ಕಾಗದದಲ್ಲಿ ಪತಿ ಇನ್ನು ಮುಂದೆ ಕೈಮಾಡತಕ್ಕದ್ದಲ್ಲವೆಂದು ಒಂದು ಸಾಲಿತ್ತು. ಪತ್ನಿಯು ಸಂಬಳವನ್ನು ಮೊದಲಿನಂತೆಯೇ ಪತಿಯ ವಶಕ್ಕೆ ಕೊಡತಕ್ಕದ್ದು, ಪತಿಗೆ ತಿಳಿಸದೆ ಫೋನಿನಲ್ಲಿ ಮಾತನಾಡತಕ್ಕದ್ದಲ್ಲ, ಪತಿಯ ಒಪ್ಪಿಗೆಯಿಲ್ಲದೆ ತವರಿಗೆ ಬರತಕ್ಕದ್ದಲ್ಲ ಎಂಬ ಸಾಲುಗಳು ಅದರ ಕೆಳಗಿದ್ದವು. ಅಂದರೆ ಅಲ್ಲಿಯವರೆಗೆ ಒಬ್ಬನ ಹಟವಾಗಿದ್ದದ್ದು ಹಿರಿಯರ ರುಜುಗಳೊಂದಿಗೆ ಮನೆಯ ಕಟ್ಟಳೆಯಾಯಿತು. ಮುಂದೆ ಮಾತು ಬೆಳೆದಾಗಲೆಲ್ಲ ಆತ ಬೀರುವಿನಿಂದ ಆ ಕಾಗದ ತೆಗೆದು, "ನಿನ್ನ ಮಾವನೇ ಬರೆಸಿದ್ದು, ಓದಿಕೋ" ಎನ್ನುತ್ತಿದ್ದ. ಸೋದರಮಾವ ಕೆಟ್ಟವರಲ್ಲವೆಂದು ಬಂಧುಗಳು ಇಂದಿಗೂ ವಾದಿಸುತ್ತಾರೆ. ಅವರು ಕೆಟ್ಟವರೋ ಒಳ್ಳೆಯವರೋ ಎಂಬುದು ಇಲ್ಲಿ ಅಪ್ರಸ್ತುತ. ಸೊಸೆಯಂದಿರನ್ನು ಮನೆ ತುಂಬಿಸಿಕೊಂಡ ಹಿರಿಯರೊಬ್ಬರಿಗೆ ತಂಗಿಯ ಮಗಳನ್ನು ಐದು ನಿಮಿಷ ಒಳಗೆ ಕರೆದು ಒಬ್ಬಳನ್ನೇ ಕೂರಿಸಿ ಕೇಳಬೇಕೆಂದು ತೋಚಲಿಲ್ಲ ಎಂಬುದಷ್ಟೇ ದೂರು, ಮತ್ತು ಆ ದೂರು ಹಿಂದೆಗೆದುಕೊಳ್ಳುವಂಥದ್ದಲ್ಲ.

ಕಾನೂನು ಈ ಅಪಾಯವನ್ನು ಜಗಲಿಯ ಹಿರಿಯರಿಗಿಂತ ಚೆನ್ನಾಗಿ ಅರಿತಿದೆ. ಕಾಯ್ದೆಯ 14ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರು ಉಭಯರನ್ನು ಆಪ್ತಸಮಾಲೋಚನೆಗೆ ಕಳುಹಿಸಬಹುದಾದರೂ, 2006ರ ನಿಯಮಗಳ 14ನೆಯ ನಿಯಮವು ತಾನು ಹಿಂಸಿಸಿದ್ದಕ್ಕೆ ಕಾರಣಗಳನ್ನು ಮುಂದಿಟ್ಟು ಸಮರ್ಥಿಸಿಕೊಳ್ಳಲು ಎದುರುದಾರನಿಗೆ ಆ ಸಮಾಲೋಚನೆಯಲ್ಲಿ ಅವಕಾಶವಿಲ್ಲವೆಂದೂ, ಇದನ್ನು ಆತನಿಗೆ ಆರಂಭದಲ್ಲೇ ತಿಳಿಸಬೇಕೆಂದೂ, ನೊಂದವಳು ಬಯಸಿದರಷ್ಟೇ ರಾಜಿಯ ಪ್ರಯತ್ನ ನಡೆಯಬೇಕೆಂದೂ ವಿಧಿಸುತ್ತದೆ. ಅಡುಗೆ ತಡವಾದ ದಿನಗಳ ಪಟ್ಟಿ ಅಲ್ಲಿ ಓದಲಾಗದು. ಈ ಒಂದು ನಿಯಮ ಪ್ರತಿ ಊರಿನ ಹಿರಿಯರಿಗೂ ಬಾಯಿಪಾಠವಾಗಬೇಕಾದದ್ದು.

ಹಾಗೆಂದು ಕಚೇರಿಯ ಬಾಗಿಲೂ ಸುಲಭವಾಗಿ ತೆರೆಯಲಿಲ್ಲ. ಕಾಯ್ದೆಯಡಿ ನೇಮಕವಾಗುವ ಸಂರಕ್ಷಣಾಧಿಕಾರಿ, ಕರ್ನಾಟಕದಲ್ಲಿ ಬಹುಮಟ್ಟಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ವಹಿಸಿರುವ ಹೊಣೆ ಇದು, ದೂರು ಬಂದಾಗ ಕೌಟುಂಬಿಕ ಘಟನಾ ವರದಿಯನ್ನು, ಕಚೇರಿಯ ಮಾತಿನಲ್ಲಿ ಡಿಐಆರ್ ಎಂಬುದನ್ನು, ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಲೇಖಕಿ ಕಂಡ ಅಧಿಕಾರಿ ಅಂಗನವಾಡಿಯ ಕಡತಗಳ ನಡುವಿನಿಂದ ತಲೆಯೆತ್ತಿ, ಟೀಚರಾಗಿದ್ದುಕೊಂಡು ಹೀಗೆ ಮಾಡಿದರೆ ಮಕ್ಕಳಿಗೆ ಏನು ಪಾಠ ಹೇಳುತ್ತೀರಿ, ಅನುಸರಿಸಿಕೊಂಡು ಹೋಗಿ ಎಂದು ಹೇಳಿ ಕಳುಹಿಸಿದರು, ವರದಿ ಬರೆಯಲಿಲ್ಲ. ಪೊಲೀಸ್ ಠಾಣೆಯಲ್ಲಿ ಪತಿಯನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡು, ಲೇಖಕಿಯ ಕೈಗೊಂದು ಹಿಂಬರಹ ಕೊಟ್ಟರು. ಆ ಸಂರಕ್ಷಣಾಧಿಕಾರಿಗೆ ತಿಳಿದಿದ್ದರೂ ಹೇಳದೆ ಬಿಟ್ಟ ಸಂಗತಿಯೊಂದಿದೆ: 12ನೆಯ ಕಲಮಿನ ಪ್ರಕಾರ ನೊಂದ ಮಹಿಳೆ ಸ್ವತಃ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು, ಅದಕ್ಕೆ ಯಾರ ವರದಿಯೂ ಇರಲೇಬೇಕೆಂದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಪ್ರತಿ ಮಹಿಳೆಗೂ ಉಚಿತ ವಕೀಲರ ನೆರವು ದೊರೆಯುತ್ತದೆ ಎಂಬುದೂ ಅಷ್ಟೇ ಕಡಿಮೆ ಜನರಿಗೆ ಗೊತ್ತು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿಂದ ನೇಮಕವಾದ ವಕೀಲೆ ಮೊದಲು ಕೇಳಿದ್ದೇ ಆ ರಾಜಿ ಕಾಗದವನ್ನು. ಆರ್ಥಿಕ ದೌರ್ಜನ್ಯಕ್ಕೆ ಅದಕ್ಕಿಂತ ಸ್ಪಷ್ಟವಾದ ಲಿಖಿತ ಸಾಕ್ಷ್ಯ ಬೇಕಿರಲಿಲ್ಲ.

ಎಲ್ಲೆ ಎಂದರೇನು ಎಂಬುದು ಈ ಓಡಾಟದಲ್ಲಿ ನಿಧಾನವಾಗಿ ಸ್ಪಷ್ಟವಾಯಿತು. ಮನಶ್ಶಾಸ್ತ್ರದ ಬರಹಗಳಲ್ಲಿ ಎಲ್ಲೆಯೆಂದರೆ ತನ್ನ ದೇಹ, ಸಮಯ, ದುಡ್ಡು, ಮಾತು ಇವುಗಳಲ್ಲಿ ಯಾವುದನ್ನು ಯಾರಿಗೆ ಎಷ್ಟರಮಟ್ಟಿಗೆ ಬಿಟ್ಟುಕೊಡುವುದು ಎಂಬ ಸ್ವಂತ ನಿರ್ಧಾರ. ಕೈಮಾಡುವುದಿಲ್ಲ, ಕುಡಿಯುವುದಿಲ್ಲ, ಬೈಯುವುದಿಲ್ಲ ಎಂದು ಎದುರಿನವರಿಂದ ಪಡೆಯುವ ಭಾಷೆ ಎಲ್ಲೆಯಾಗಲಾರದು, ಏಕೆಂದರೆ ಅದನ್ನು ಪಾಲಿಸುವುದೂ ಮುರಿಯುವುದೂ ಅವರ ಕೈಯಲ್ಲೇ ಇರುತ್ತದೆ. ಮುಚ್ಚಳಿಕೆ ಸೋಲುವುದು ಇಲ್ಲಿಯೇ. ಸಂಬಳವನ್ನು ಬೇರೊಂದು ಬ್ಯಾಂಕಿನ ಹೊಸ ಖಾತೆಗೆ ವರ್ಗಾಯಿಸುವಂತೆ ಶಾಲೆಗೆ ಅರ್ಜಿ ಕೊಡುವುದು, ಕೂಗಾಟ ಆರಂಭವಾದೊಡನೆ ಕೋಣೆಯಿಂದ ಎದ್ದುಹೋಗುವುದು, ಮೂರನೆಯವರಿಲ್ಲದೆ ಹಣದ ಮಾತಿಗೆ ಕೂರದಿರುವುದು, ಇವು ಎಲ್ಲೆಗಳು, ಏಕೆಂದರೆ ಇವುಗಳಿಗೆ ಆತನ ಒಪ್ಪಿಗೆ ಬೇಕಾಗಿಲ್ಲ. ಇದರ ಮೇಲೊಂದು ಎಚ್ಚರಿಕೆಯ ಮಾತು ಅವಶ್ಯ: ಎಲ್ಲೆ ಹಾಕಿದಾಗ ಸಿಡುಕಿ ಅನಂತರ ತಿದ್ದಿಕೊಳ್ಳುವವರೊಂದಿಗೆ ಬಾಳುವೆ ಸಾಧ್ಯ, ಆದರೆ ಎಲ್ಲೆ ಹಾಕಿದ್ದಕ್ಕೇ ದಂಡನೆ ಕೊಡುವವರೊಂದಿಗೆ ಎಲ್ಲೆಯನ್ನು ಬಾಯಿಬಿಟ್ಟು ಸಾರುವುದು ಅಪಾಯಕರ. ಹೆಣ್ಣು ಬಿಟ್ಟುಹೋಗಲು ಹೊರಟ ಹೊತ್ತು ಹಿಂಸೆ ತೀವ್ರವಾಗುವ ಹೊತ್ತೂ ಹೌದೆಂದು, ಕುತ್ತಿಗೆ ಹಿಸುಕಿದ ಘಟನೆ ಒಮ್ಮೆ ನಡೆದಿದ್ದರೂ ಅದು ಪ್ರಾಣಾಪಾಯದ ಗಂಭೀರ ಸೂಚನೆಯೆಂದು ಈ ಕ್ಷೇತ್ರದ ಅಧ್ಯಯನಗಳು ಹೇಳುತ್ತವೆ. ಅಂತಹ ಕಡೆ ಮಾತಿಗಿಂತ ಮೊದಲು ಸುರಕ್ಷಿತ ಸ್ಥಳ ಗೊತ್ತುಮಾಡಿಕೊಳ್ಳಬೇಕು. 181 ಮಹಿಳಾ ಸಹಾಯವಾಣಿ, ಜಿಲ್ಲೆಗಳ ಸಖಿ ಕೇಂದ್ರಗಳು, ಸಾಂತ್ವನ ಕೇಂದ್ರಗಳು ಇರುವುದು ಇದಕ್ಕಾಗಿ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರಗಳ ಪ್ರತಿಗಳನ್ನು ನಂಬಿಕಸ್ಥರೊಬ್ಬರ ಮನೆಯಲ್ಲಿ ಇಟ್ಟಿರುವುದು ಒಳ್ಳೆಯದು. ಲೇಖಕಿಯ ಪಾಲಿಗೆ ಆ ಮನೆ ಹಿಂದೊಮ್ಮೆ ಆಕೆಯೊಡನೆ ನಡೆಯುವುದನ್ನು ಬಿಟ್ಟಿದ್ದ ಸಹಶಿಕ್ಷಕಿಯದಾಗಿತ್ತು.

ಮನೆ ಮುರಿದವಳೆಂಬ ಮಾತು ಲೇಖಕಿಯ ಬೆನ್ನಿಗಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೆಯ ಕಲಂ ಹೆಣ್ಣಿಗೆ ಸಹಬಾಳ್ವೆಯ ಮನೆಯಲ್ಲೇ ವಾಸಿಸುವ ಹಕ್ಕು ಕೊಡುತ್ತದೆ, ಆ ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಹಕ್ಕು ತಪ್ಪದೆಂದು ಸರ್ವೋಚ್ಚ ನ್ಯಾಯಾಲಯ 2020ರ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದೆ. ಹೀಗಿದ್ದೂ ಆಕೆ ಆ ಹಕ್ಕನ್ನು ಕೇಳದೆ ಬಾಡಿಗೆ ಮನೆ ಹಿಡಿದದ್ದು ರಾತ್ರಿ ಬಾಗಿಲ ಚಿಲಕ ತನ್ನ ಕೈಯಲ್ಲಿರಬೇಕೆಂಬ ಒಂದೇ ಕಾರಣಕ್ಕೆ. ಮ್ಯಾಜಿಸ್ಟ್ರೇಟರು 23ನೆಯ ಕಲಮಿನಡಿ ಮಧ್ಯಂತರ ಸಂರಕ್ಷಣಾ ಆದೇಶ ನೀಡಿ, ಪತಿ ಆಕೆಯ ಶಾಲೆಗೂ ಮನೆಗೂ ಬರದಂತೆ ನಿರ್ಬಂಧಿಸಿದರು. ಆದೇಶದ ಪ್ರತಿ ಉಚಿತವಾಗಿ ಸಿಗುತ್ತದೆ. ಲೇಖಕಿ ಅದನ್ನು ಮುಖ್ಯೋಪಾಧ್ಯಾಯರಿಗೂ ಠಾಣೆಗೂ ತಲುಪಿಸಿಟ್ಟಿದ್ದಳು. ಕೆಲಕಾಲದ ನಂತರ, ಕೇಸು ಹಿಂತೆಗೆದುಕೊಂಡರೆ ಮತ್ತೊಮ್ಮೆ ಎಲ್ಲರೂ ಕೂತು ಮಾತಾಡೋಣವೆಂದು ಸೋದರಮಾವ ಹೇಳಿಕಳುಹಿಸಿದಾಗ, ಮಾತುಕತೆ ವಕೀಲರ ಸಮ್ಮುಖದಲ್ಲಿ ಮಾತ್ರ ಎಂದು ಆಕೆ ಬರವಣಿಗೆಯಲ್ಲೇ ಉತ್ತರ ಕಳುಹಿಸಿದಳು. ಅದಾದ ಮೇಲೆ ಪತಿ ಶಾಲೆಯ ಗೇಟಿನ ಬಳಿ ಬಂದು ನಿಂತ. ಆದೇಶ ಉಲ್ಲಂಘಿಸಿದವರಿಗೆ 31ನೆಯ ಕಲಂ ಒಂದು ವರ್ಷದವರೆಗಿನ ಸೆರೆವಾಸ ಅಥವಾ 20,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ, ಮತ್ತು 32ನೆಯ ಕಲಮಿನಂತೆ ನೊಂದವಳ ಸಾಕ್ಷ್ಯವೊಂದರ ಆಧಾರದ ಮೇಲೆಯೇ ನ್ಯಾಯಾಲಯ ಅಪರಾಧ ನಡೆದಿದೆಯೆಂದು ತೀರ್ಮಾನಿಸಬಹುದು. ಗೇಟಿನ ಬಳಿ ಮುಖ್ಯೋಪಾಧ್ಯಾಯರೂ ಇದ್ದರು. ಠಾಣೆಯಲ್ಲಿ ಈ ಸಲ ಮುಚ್ಚಳಿಕೆಯ ಮಾತು ಬರಲಿಲ್ಲ. ದೂರು ದಾಖಲಾಗಿ ಪ್ರಕರಣ ಈಗ ವಿಚಾರಣೆಯಲ್ಲಿದೆ.