ಅಮೆರಿಕದಲ್ಲಿ ಕೆಲಸ, ಊರಲ್ಲಿ ಅಮ್ಮನ ಕಾಯಿಲೆ: ರಜೆಯ ಹಕ್ಕು ಎಷ್ಟು?

ಅಮೆರಿಕದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ತಿಳಿದಿರಬೇಕಾದ ಹೆಸರು ಎಫ್‌ಎಂಎಲ್‌ಎ. 1993ರ ಈ ಕಾನೂನಿನಡಿ 12 ತಿಂಗಳಲ್ಲಿ 12 ವಾರ ರಜೆ ಹಾಕಬಹುದು. ಆ ದಿನಗಳಿಗೆ ಕಂಪನಿ ಸಂಬಳ ಕೊಡಬೇಕಾಗಿಲ್ಲ. ಆದರೆ ಆರೋಗ್ಯ ವಿಮೆ ಮೊದಲಿನಂತೆಯೇ ಮುಂದುವರಿಯಬೇಕು; ಮರಳಿ ಬಂದಾಗ ಅದೇ ಕೆಲಸ ಅಥವಾ ಅದಕ್ಕೆ ಸಮನಾದ ಕೆಲಸ ಸಿಗಬೇಕು.

ಯಾರಿಗೆ ಸಿಗುತ್ತದೆ? ಮೂರು ಷರತ್ತುಗಳಿವೆ. ಆ ಕಂಪನಿಯಲ್ಲಿ ಕನಿಷ್ಠ 12 ತಿಂಗಳು ದುಡಿದಿರಬೇಕು. ಹಿಂದಿನ 12 ತಿಂಗಳಲ್ಲಿ 1,250 ಗಂಟೆ ಕೆಲಸ ಮಾಡಿರಬೇಕು. ನೀವಿರುವ ಕಚೇರಿಯ 75 ಮೈಲಿಯೊಳಗೆ ಕಂಪನಿಗೆ 50 ನೌಕರರಾದರೂ ಇರಬೇಕು. ನಿಮ್ಮದು ಯಾವ ವೀಸಾ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಯಾತಕ್ಕೆ ಸಿಗುತ್ತದೆ? ಹೆರಿಗೆ, ಎಳೆಮಗುವಿನ ಆರೈಕೆ, ದತ್ತು, ನಿಮ್ಮದೇ ಗಂಭೀರ ಕಾಯಿಲೆ. ಜೊತೆಗೆ ಸಂಗಾತಿ, ಮಕ್ಕಳು, ತಂದೆ-ತಾಯಿಯ ಗಂಭೀರ ಕಾಯಿಲೆ. ನಮ್ಮವರು ಎಡವುವುದು ಇಲ್ಲೇ. ಅತ್ತೆ-ಮಾವ ಈ ಪಟ್ಟಿಯಲ್ಲಿಲ್ಲ, ಒಡಹುಟ್ಟಿದವರೂ ಇಲ್ಲ. ಆದರೆ ಚಿಕ್ಕಂದಿನಲ್ಲಿ ಅಮ್ಮನ ಜಾಗದಲ್ಲಿ ನಿಂತು ಸಾಕಿದ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕಾನೂನು ತಾಯಿಯೆಂದೇ ಒಪ್ಪುತ್ತದೆ. ಕೆಲವು ರಾಜ್ಯಗಳು ಇನ್ನೂ ಧಾರಾಳ: ಕ್ಯಾಲಿಫೋರ್ನಿಯಾದ ಕಾನೂನು 5 ನೌಕರರಿರುವ ಕಂಪನಿಗೂ ಅನ್ವಯಿಸುತ್ತದೆ, ಅತ್ತೆ-ಮಾವಂದಿರನ್ನೂ ಒಳಗೊಳ್ಳುತ್ತದೆ.

ಹಾಸನದಲ್ಲಿರುವ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು ಎಂದಿಟ್ಟುಕೊಳ್ಳಿ. ಸುದ್ದಿ ಬಂದ ದಿನ, ತಪ್ಪಿದರೆ ಮರುದಿನ, ಎಚ್‌ಆರ್‌ಗೆ ತಿಳಿಸಿ. ಮೊದಲೇ ನಿಗದಿಯಾದ ಆಪರೇಷನ್ ಆಗಿದ್ದರೆ 30 ದಿನ ಮುಂಚೆ ಹೇಳಬೇಕಿತ್ತು. ಕಾನೂನಿನ ಹೆಸರೆತ್ತಲೇಬೇಕೆಂದಿಲ್ಲ, “ಅಮ್ಮನಿಗೆ ಆಪರೇಷನ್, ನೋಡಿಕೊಳ್ಳಲು ನಾನು ಹೋಗಬೇಕು” ಎಂದು ಇಮೇಲ್‌ನಲ್ಲಿ ಬರೆದು, ಎಷ್ಟು ದಿನವೆಂದು ತಿಳಿಸಿ. ನೀವು ಅರ್ಹರೋ ಅಲ್ಲವೋ ಎಂಬುದನ್ನು ಕಂಪನಿ 5 ಕೆಲಸದ ದಿನಗಳೊಳಗೆ ಹೇಳಬೇಕು. ವೈದ್ಯರ ಸರ್ಟಿಫಿಕೇಟ್ ಕೇಳಿದರೆ ಕನಿಷ್ಠ 15 ದಿನ ಸಮಯ ಕೊಡಬೇಕು. ಹಾಸನದ ವೈದ್ಯರು ಬರೆದುಕೊಟ್ಟದ್ದೂ ನಡೆಯುತ್ತದೆ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿಡಿ.

ಹನ್ನೆರಡು ವಾರವನ್ನು ಒಟ್ಟಿಗೇ ಮುಗಿಸಬೇಕಿಲ್ಲ. ಜೊತೆಯಲ್ಲಿರುವ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದ್ದರೆ, ಆ ಕೆಲವು ಗಂಟೆಗಳಷ್ಟೇ ರಜೆಯ ಲೆಕ್ಕಕ್ಕೆ ಸೇರುತ್ತವೆ.

ಒಂದು ಮಾತು ನೆನಪಿಡಿ: ಇದು ಆರೈಕೆಯ ರಜೆ. ಅಂತ್ಯಕ್ರಿಯೆಗೆ, ಉತ್ತರಕ್ರಿಯೆಗೆ ಅನ್ವಯಿಸದು. ಅದಕ್ಕೆ ಕಂಪನಿಯ ನಿಯಮವೇನೆಂದು ಪ್ರತ್ಯೇಕವಾಗಿ ಕೇಳಿಕೊಳ್ಳಿ.

ಹಕ್ಕಿನ ರಜೆ ಕೇಳಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಹಾಗಾದರೆ ಅಮೆರಿಕದ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಆಗ ದಾಖಲೆ ಬೇಕಾಗುತ್ತದೆ. ಎಚ್‌ಆರ್ ಜೊತೆ ನಡೆದ ಪತ್ರವ್ಯವಹಾರದ ಒಂದು ಪ್ರತಿ ಕಂಪನಿಯ ಲ್ಯಾಪ್‌ಟಾಪ್ ಬಿಟ್ಟು ಬೇರೆ ಕಡೆಯೂ ಇರಲಿ.