ಫಾರ್ಮ್ಯಾಟ್ ಮಾಡೋಕೆ ಮುಂಚೆ: ಮನೆ ಕಂಪ್ಯೂಟರ್‌ಗೆ ಹೊಸ ಓಎಸ್

ಇಂಜಿನಿಯರಿಂಗ್ ಓದ್ತಿದ್ದೀವಿ ಅಂದ್ರೆ ಸಾಕು, ರಜೆಗೆ ಊರಿಗೆ ಹೋದಾಗ ಈ ಮಾತು ಬಂದೇ ಬರುತ್ತೆ: "ಸಿಸ್ಟಮ್ ತುಂಬಾ ಸ್ಲೋ ಆಗಿದೆ, ಸ್ವಲ್ಪ ನೋಡ್ರೋ." ಕಳೆದ ರಜೆಯಲ್ಲಿ ನಾವಿಬ್ಬರು ರೂಮ್‌ಮೇಟ್‌ಗಳು ತಿಪಟೂರಲ್ಲಿ ಈ ಕೆಲಸಕ್ಕೆ ಕೈ ಹಾಕಿದ್ವಿ. ಕಂಪ್ಯೂಟರ್ ಅಮ್ಮನದು (ನಮ್ಮಲ್ಲಿ ಒಬ್ಬನಿಗೆ ಅಮ್ಮ, ಇನ್ನೊಬ್ಬನಿಗೆ ಆಂಟಿ). ಅವರು ಹೈಸ್ಕೂಲಲ್ಲಿ ಕನ್ನಡ ಟೀಚರ್. ಪ್ರಶ್ನೆಪತ್ರಿಕೆ, ಮಕ್ಕಳಿಗೆ ಬರೆದ ನಾಟಕ, ಹತ್ತು ವರ್ಷದ ಟೈಪಿಂಗ್ ಎಲ್ಲಾ ಅದರಲ್ಲೇ ಇತ್ತು.

ಯಾವ ಓಎಸ್?

ಅದು ನಾಲ್ಕನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಇರೋ ಯಂತ್ರ. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ಪೀಳಿಗೆಯ ನಂತರದ ಪ್ರೊಸೆಸರ್ ಬೇಕು. ಹಾಗಾಗಿ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿದ್ವಿ. ಹಗುರ, ಉಚಿತ, 2029ರವರೆಗೆ ಅಪ್‌ಡೇಟ್ ಇದೆ. ನಿಮ್ಮದು ಹೊಸ ಯಂತ್ರವಾಗಿದ್ದು ವಿಂಡೋಸನ್ನೇ ಮತ್ತೆ ಹಾಕೋದಾದ್ರೆ, ಡಿಜಿಟಲ್ ಲೈಸೆನ್ಸ್ ಹಾರ್ಡ್‌ವೇರ್ ಜೊತೆ ಜೋಡಣೆಯಾಗಿರುತ್ತೆ. ಅದೇ ಎಡಿಷನ್ ಹಾಕಿದ್ರೆ ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತೆ.

ಹೆಜ್ಜೆ 1: ಬ್ಯಾಕಪ್

ಅಮ್ಮ ನಿರಾಳವಾಗಿದ್ರು. "ಎಲ್ಲಾ ಡಿ ಡ್ರೈವಲ್ಲಿದೆ ಕಣ್ರೋ, ಅದಕ್ಕೇನೂ ಆಗಲ್ಲ" ಅಂದ್ರು. ಬಹಳ ಮನೆಗಳಲ್ಲಿ ಇದೇ ನಂಬಿಕೆ. ಆದರೆ ಸಿ, ಡಿ ಅನ್ನೋದು ಒಂದೇ ಡಿಸ್ಕಿನ ಎರಡು ಭಾಗ, ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ. ಪೂರ್ತಿ ಡಿಸ್ಕ್ ಅಳಿಸಿದ್ರೆ ಎರಡೂ ಹೋಗುತ್ತೆ. ಬ್ಯಾಕಪ್ ಅಂದ್ರೆ ಬೇರೆ ಡಿಸ್ಕ್‌ನಲ್ಲಿರೋ ಪ್ರತಿ ಮಾತ್ರ.

ನಾವು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಇಡೀ ಡಿ ಡ್ರೈವ್, ಜೊತೆಗೆ ಬ್ರೌಸರಿನ ಬುಕ್‌ಮಾರ್ಕ್ಸ್ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿದ್ವಿ. ನಮ್ಮ ಲ್ಯಾಪ್‌ಟಾಪಿಗೆ ಅದನ್ನ ಚುಚ್ಚಿ ನಾಲ್ಕೈದು ಫೋಟೊ ತೆರೆದು ನೋಡಿದ್ವಿ. ಸರಿಯಾಗಿತ್ತು. ವರ್ಡ್ ಫೈಲ್ ಒಂದನ್ನೂ ತೆರೆಯಲಿಲ್ಲ. ನಮ್ಮ ತಪ್ಪು ಇಲ್ಲೇ ಶುರುವಾಗಿದ್ದು.

ಹೆಜ್ಜೆ 2: ಪೆನ್‌ಡ್ರೈವ್

ಅಧಿಕೃತ ತಾಣದಿಂದ ಐಎಸ್‌ಒ ಫೈಲ್ ಇಳಿಸಿಕೊಳ್ಳಿ, ಸುಮಾರು 3 ಜಿಬಿ. ಅಲ್ಲೇ ಕೊಟ್ಟಿರೋ ಎಸ್‌ಎಚ್‌ಎ-256 ಮೊತ್ತದ ಜೊತೆ ತಾಳೆ ನೋಡಿ. ಒಂದೇ ಒಂದು ಬಿಟ್ ಬದಲಾದ್ರೂ ಮೊತ್ತ ಬೇರೆಯೇ ಬರುತ್ತೆ. ಆಮೇಲೆ ರೂಫಸ್ ಅಥವಾ ಎಚ್ಚರ್ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಲ್ಲಿ ಇದ್ದದ್ದು ಅಳಿಸಿಹೋಗುತ್ತೆ, ನೆನಪಿರಲಿ.

ಹೆಜ್ಜೆ 3: ಇನ್‌ಸ್ಟಾಲ್

ಆನ್ ಮಾಡುವಾಗ ಎಫ್12, ಎಸ್ಕೇಪ್ ಅಥವಾ ಡಿಲೀಟ್ ಒತ್ತಿ ಬೂಟ್ ಮೆನುಗೆ ಹೋಗಬೇಕು. ಕೀ ಯಾವುದು ಅನ್ನೋದು ಮದರ್‌ಬೋರ್ಡ್ ಮೇಲೆ ಹೋಗುತ್ತೆ. ಮಿಂಟ್ ಮೊದಲು ಪೆನ್‌ಡ್ರೈವಿನಿಂದಲೇ ಓಡುತ್ತೆ. ಆಗಲೇ ವೈಫೈ, ಸೌಂಡ್, ಪ್ರಿಂಟರ್ ಪರೀಕ್ಷೆ ಮಾಡಿ. ಏನಾದ್ರೂ ಕೈಕೊಟ್ರೆ ಹಿಂದಕ್ಕೆ ಹೋಗೋಕೆ ಇನ್ನೂ ದಾರಿ ಇದೆ.

"ಎರೇಸ್ ಡಿಸ್ಕ್" ಒತ್ತೋ ಮುಂಚೆ ಬ್ಯಾಕಪ್ ಡಿಸ್ಕನ್ನ ಕಿತ್ತು ಪಕ್ಕದ ರೂಮಲ್ಲಿಡಿ. ತಪ್ಪು ಡಿಸ್ಕ್ ಆರಿಸೋ ಸಾಧ್ಯತೆಯೇ ಇರಲ್ಲ. ವಿಂಡೋಸ್ 465 ಜಿಬಿ ಅಂತಿದ್ದ ಡಿಸ್ಕನ್ನ ಇನ್‌ಸ್ಟಾಲರ್ 500 ಜಿಬಿ ಅನ್ನುತ್ತೆ, ಗಾಬರಿ ಬೇಡ. ಒಂದು 1024ರಲ್ಲಿ ಲೆಕ್ಕ ಹಾಕುತ್ತೆ, ಇನ್ನೊಂದು 1000ದಲ್ಲಿ. ಉಳಿದದ್ದೆಲ್ಲಾ ನೆಕ್ಸ್ಟ್, ನೆಕ್ಸ್ಟ್.

ಹೆಜ್ಜೆ 4: ಬೆವರಿಳಿದದ್ದು

ಸಂಜೆ ಹೊತ್ತಿಗೆ ಸಿಸ್ಟಮ್ ಚುರುಕಾಗಿ ಓಡ್ತಿತ್ತು. ಅಮ್ಮ ಕಾಫಿ ಕೊಟ್ಟು, ತಮ್ಮ ನಾಟಕದ ಫೈಲ್ ತೆರೆದ್ರು. ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರೋ ಎ. ಒಂದಕ್ಷರ ಕನ್ನಡ ಇಲ್ಲ. "ಏನ್ ಮಾಡಿದ್ರೋ ನನ್ನ ಫೈಲ್‌ಗೆ?" ಅಂದ್ರು, ಮೆಲ್ಲಗೆ. ಬೈದಿದ್ರೆ ವಾಸಿ ಇತ್ತು. ಹಳೇ ಡಿಸ್ಕ್ ಆಗಲೇ ಅಳಿಸಿ ಆಗಿತ್ತು.

ಅರ್ಧ ಗಂಟೆ ಆದಮೇಲೆ ಕಣ್ಣಿಗೆ ಬಿತ್ತು: ಲಿಬ್ರೆ ಆಫೀಸಿನ ಫಾಂಟ್ ಪೆಟ್ಟಿಗೆಯಲ್ಲಿ "ನುಡಿ 01 ಇ" ಅಂತ ಓರೆ ಅಕ್ಷರದಲ್ಲಿತ್ತು. ಓರೆಯಾಗಿದ್ರೆ ಆ ಫಾಂಟ್ ಈ ಯಂತ್ರದಲ್ಲಿ ಇಲ್ಲ ಅಂತ ಅರ್ಥ.

ವಿಷಯ ಇಷ್ಟೇ. ಯುನಿಕೋಡ್‌ನಲ್ಲಿ "ಕ" ಅನ್ನೋದಕ್ಕೆ 3221 ಅನ್ನೋ ಸ್ವಂತ ಸಂಖ್ಯೆ ಇದೆ. ಹಳೇ ನುಡಿ ಫೈಲುಗಳಲ್ಲಿ ಹಾಗಲ್ಲ. ಅಲ್ಲಿ "ಕ" ಶುರುವಾಗೋದು 80ರಿಂದ, ಅಂದ್ರೆ ಇಂಗ್ಲಿಷಿನ ಪಿ ಸಂಖ್ಯೆಯಿಂದ. ಪಿ ಜಾಗದಲ್ಲಿ ಕನ್ನಡದ ಆಕಾರ ಬರೆಯೋದು ಫಾಂಟ್. ಫಾಂಟ್ ಹೋದ್ರೆ ಪಿ ಪಿಯಾಗೇ ಕಾಣುತ್ತೆ. ಫೈಲ್ ಕೆಟ್ಟಿರಲಿಲ್ಲ, ಓದೋ ಕನ್ನಡಕ ಕಳೆದಿತ್ತು. ಆ ಫಾಂಟ್ ಇದ್ದದ್ದು ವಿಂಡೋಸ್ ಫೋಲ್ಡರಿನೊಳಗೆ. ಅದನ್ನ ನಾವು ಕಾಪಿ ಮಾಡಿರಲಿಲ್ಲ.

ನುಡಿ ಫಾಂಟ್ ಮತ್ತೆ ಇಳಿಸಿ ಹಾಕಿ ರೈಟರ್ ಮುಚ್ಚಿ ತೆರೆದ್ವಿ. ನಾಟಕ ವಾಪಸ್ ಬಂತು. ಮಾರನೇ ದಿನ ಕನ್ವರ್ಟರ್ ಬಳಸಿ ಮುಖ್ಯ ಫೈಲುಗಳನ್ನ ಯುನಿಕೋಡಿಗೆ ಬದಲಾಯಿಸಿದ್ವಿ, ಮೂಲ ಪ್ರತಿ ಹಾಗೇ ಇಟ್ವಿ. ಟೈಪಿಂಗಿಗೆ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದ್ರೆ ಕೆಜಿಪಿ ವಿನ್ಯಾಸ ಸಿಗುತ್ತೆ. ಎಫ್ ಒತ್ತಿ ಒತ್ತಕ್ಷರ ಬರೆಯೋ ಅಮ್ಮನ ಅಭ್ಯಾಸ ಬದಲಾಗಲಿಲ್ಲ.

ಒಂದು ಮಾತ್ರ ವಾಪಸ್ ಬರಲಿಲ್ಲ. ಪರದೆ ಮೇಲಿನ ಹಳದಿ ಸ್ಟಿಕ್ಕಿ ನೋಟ್ಸ್‌ನಲ್ಲಿ ಅಮ್ಮ ಹಳೇ ವಿದ್ಯಾರ್ಥಿಗಳ ಫೋನ್ ನಂಬರ್ ಬರೆದಿಟ್ಟಿದ್ರು. ಅವು ಡೆಸ್ಕ್‌ಟಾಪ್ ಮೇಲೆ ಕಾಣುತ್ತವೆ, ಆದರೆ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಇರಲ್ಲ. ಮರೆಯಾಗಿರೋ ಆ್ಯಪ್‌ಡೇಟಾದಲ್ಲಿರುತ್ತವೆ. ಅಕೌಂಟಿಗೆ ಸಿಂಕ್ ಕೂಡ ಆಗಿರಲಿಲ್ಲ. "ಹೋಗ್ಲಿ ಬಿಡ್ರೋ" ಅಂದ್ರು ಅಮ್ಮ. ನಮಗೆ ಇನ್ನೂ ಹೋಗಿಲ್ಲ.

ಕೆಟ್ಟ ಮೇಲೆ ನಮಗೆ ಬುದ್ಧಿ ಬಂತು. ನಿಮಗೆ ಮುಂಚೆಯೇ ಬರಲಿ ಅಂತ ಈ ಪಟ್ಟಿ:

1. ಕಂಪ್ಯೂಟರ್ ಬಳಸೋರನ್ನ ಪಕ್ಕದಲ್ಲಿ ಕೂರಿಸಿ, ದಿನಾ ಏನೇನು ತೆರೀತಾರೋ ತೋರಿಸೋಕೆ ಹೇಳಿ.
2. ಫೈಲ್ ಜೊತೆ ಫಾಂಟ್ ಫೋಲ್ಡರ್, ಆ್ಯಪ್‌ಡೇಟಾ, ಪಾಸ್‌ವರ್ಡ್‌ಗಳನ್ನೂ ಉಳಿಸಿ.
3. ಪ್ರತಿ ಬಗೆಯ ಒಂದು ಫೈಲನ್ನ ಬೇರೆ ಯಂತ್ರದಲ್ಲಿ ತೆರೆದು, ಅವರಿಂದಲೇ ಓದಿಸಿ.
4. ಅವರು "ಸರಿ ಇದೆ" ಅಂದ ಮೇಲೆ ಮಾತ್ರ ಅಳಿಸಿ.

ಇನ್‌ಸ್ಟಾಲ್‌ಗೆ ಅರ್ಧ ಗಂಟೆ ಸಾಕು. ಮೊದಲನೇ ಸಾಲಿಗೆ ಒಂದು ಪೂರ್ತಿ ದಿನ ಕೊಡಿ.